ಒಳಪುಟದ ಎರಡು ಸಾಲು

ಅಮೆರಿಕದ ಮರ್ಫಿ ಊರಲ್ಲಿ ನಮ್ಮ ಪಕ್ಕದ ಮನೆ ಮಾರ್ಲೀನ್ ಅವರಿಗೆ ಎಪ್ಪತ್ತೊಂದು. ಗಂಡ ತೀರಿಹೋಗಿ ಒಂಬತ್ತು ವರ್ಷ, ಮಕ್ಕಳಿಲ್ಲ. ಅವರು ಕ್ರೈಸ್ತರಲ್ಲಿ ಮಾರ್ಮನ್ ಅನ್ನೋ ಪಂಗಡದವರು. ಕಾಫಿ, ಟೀ ಮುಟ್ಟೋದಿಲ್ಲ. ಮನೆಗೆ ಬಂದರೆ ನಾನು ಜೀರಿಗೆ ಕಷಾಯ ಕೊಡುತ್ತಿದ್ದೆ. ನನಗೆ ತಿಳಿಯಲಿ ಅಂತ ನಿಧಾನವಾಗಿ ಮಾತಾಡುತ್ತಿದ್ದರು. ಸಂಜೆ ನಾಲ್ಕಕ್ಕೆ ನಮ್ಮ ಕನ್ನಡದವರ ಏಳು ಮಕ್ಕಳು ಅವರ ಹತ್ತಿರ ಪಿಯಾನೋ ಕಲಿಯೋಕೆ ಬರುತ್ತಿದ್ದವು, ನನ್ನ ಮೊಮ್ಮಗಳು ದಿಯಾನೂ ಸೇರಿ. "ಆ ಒಂದು ಗಂಟೆಗೋಸ್ಕರವೇ ನಾನು ಬೆಳಿಗ್ಗೆ ಏಳೋದು" ಅನ್ನುತ್ತಿದ್ದರು.

ಹೋದ ಮಾರ್ಚಿನಲ್ಲಿ ಪೇಪರಿನ ಮೊದಲ ಪುಟದಲ್ಲಿ ಒಂದು ಸುದ್ದಿ. ಎಲ್ಲೋ ಊರಾಚೆ ಬದುಕುವ ಒಂದು ಗುಂಪು, ಒಬ್ಬೊಬ್ಬನಿಗೆ ಐದಾರು ಹೆಂಡಿರು, ಎಳೆ ಹುಡುಗಿಯರಿಗೂ ಮದುವೆಯಂತೆ. ಮೇಲೆ ದಪ್ಪಕ್ಷರದಲ್ಲಿ 'ಮಾರ್ಮನ್'. ಆ ಗುಂಪಿಗೂ ಮಾರ್ಲೀನ್ ಹೋಗುವ ಚರ್ಚಿಗೂ ಸಂಬಂಧವಿಲ್ಲ ಅನ್ನೋದು ಹದಿನಾಲ್ಕನೇ ಪುಟದ ಕೊನೆಯಲ್ಲಿ, ಎರಡು ಸಾಲು. ಅಲ್ಲಿವರೆಗೆ ಯಾರು ಓದುತ್ತಾರೆ? ನಮ್ಮವರ ವಾಟ್ಸಾಪ್ ಗ್ರೂಪಿಗೆ ಬಂದದ್ದು ಮೊದಲ ಪುಟದ ಫೋಟೋ ಮಾತ್ರ.

"ದಿಯಾನ ನಾಳೆಯಿಂದ ಕಳಿಸಲ್ಲ" ಅಂದಳು ಮಗಳು ಕುಮುದಾ.

"ಅವರಿಗಿದ್ದದ್ದು ಒಬ್ಬ ಗಂಡ ಕಣೇ, ಅವನಿಗೂ ಇವರೊಬ್ಬರೇ. ನಮ್ಮ ಸುಬ್ರಹ್ಮಣ್ಯ ದೇವರಿಗಾದರೆ ಇಬ್ಬರು ಹೆಂಡಿರು" ಅಂದೆ.

ಅಳಿಯ ಉದಯಶಂಕರ ನಕ್ಕ. ಅವಳು ನಗಲಿಲ್ಲ. "ನಿಂಗೆ ಗೊತ್ತಾಗಲ್ಲಮ್ಮ."

ವಾರದಲ್ಲಿ ಏಳೂ ಮಕ್ಕಳು ಪಾಠಕ್ಕೆ ಬರೋದು ನಿಲ್ಲಿಸಿದವು. ಮಾರ್ಲೀನ್ ಪೇಪರಿನವರಿಗೆ ಫೋನ್ ಮಾಡಿದರು. ನಮ್ಮದೇನೂ ತಪ್ಪಿಲ್ಲ, ಒಳಪುಟ ನೋಡಿ ಅಂತ ಪೇಪರಿನವರು ಅಂದರಂತೆ. ಆಗ ಮಾರ್ಲೀನ್ ಆ ಒಳಪುಟವನ್ನೇ ಝೆರಾಕ್ಸ್ ಮಾಡಿಸಿ, ಎರಡು ಸಾಲಿಗೆ ಹಳದಿ ಬಳಿದು, ಏಳು ಮನೆ ಬಾಗಿಲಿಗೂ ಹೋದರು.

ಅದೇ ಮುಳುವಾಯಿತು. ಅವರ ಚರ್ಚಿನ ಹುಡುಗರು ಪುಸ್ತಕ ಹಿಡಿದು ಮನೆಮನೆಗೆ ಧರ್ಮ ಹೇಳೋಕೆ ಬರುವುದನ್ನು ನಮ್ಮವರು ಕಂಡಿದ್ದರು. ಬಾಗಿಲ ಕ್ಯಾಮೆರಾದಲ್ಲಿ ಇವರ ಕೈಲಿ ಕಾಗದ ಕಂಡದ್ದೇ, ಆಚೆ ಬೀದಿ ಸರೋಜಾ ಗ್ರೂಪಿನಲ್ಲಿ ಹಾಕಿದಳು: "ಮತಾಂತರಕ್ಕೆ ಹೊರಟಿದಾರೆ, ಯಾರೂ ತೆಗೀಬೇಡಿ." ಆರು ಮನೆ ತೆಗೆಯಲಿಲ್ಲ.

ನಾನು ತೆಗೆದೆ. ಕಾಗದ ಇಸಿದುಕೊಂಡು ಸಂಜೆ ಕುಮುದಾಗೆ ಕೊಟ್ಟೆ. ಎರಡು ಸಲ ಓದಿದಳು.

"ನೀನು ಹೇಳಿದ್ದು ನಿಜಾನೇ ಅಮ್ಮ. ಅವರೇ ಬೇರೆ, ಇವರೇ ಬೇರೆ."

"ಮತ್ತೆ ಕಳಿಸು."

"ಆರು ಮನೆಯವರು ಬಿಡಿಸಿದಾರೆ. ನಾನೊಬ್ಬಳು ಕಳಿಸಿದ್ರೆ ನಮ್ಮನ್ನೂ ಆಡಿಕೊಳ್ಳಲ್ವಾ?"

ಮರುದಿನ ಹಿತ್ತಲಲ್ಲಿ ಮಾರ್ಲೀನ್ ಕೇಳಿದರು, ಮಗಳು ಓದಿದಳಾ ಅಂತ. ಓದಿದಳು ಅಂದೆ. ಮುಖ ಅರಳಿತು.

"ಹಾಗಾದರೆ ದಿಯಾ ಬರ್ತಾಳಾ?"

ಇಲ್ಲ ಅಂತ ತಲೆ ಆಡಿಸಿದೆ. ಯಾಕೆ ಅಂತ ಅವರು ಕೇಳಲಿಲ್ಲ. ಒಳಗೆ ಹೋದರು.