ಚರ್ಚಿನ ಬೆಂಚಿನ ಮೇಲೆ ಕೂತ ಬೀಗರು

ಹೋದ ರವಿವಾರ ಬೆಳಿಗ್ಗೆ ನಮ್ಮೂರ ಚರ್ಚಿನಲ್ಲಿ ಮುಂದಿನ ಸಾಲಿನ ಬೆಂಚುಗಳೇ ಇರಲಿಲ್ಲ. ಅವು ನಮ್ಮ ಪಡಸಾಲೆಯಲ್ಲಿದ್ದವು. ನನ್ನ ತಂಗಿಯನ್ನು ನೋಡಲು ದೇವಿಕೊಪ್ಪದಿಂದ ಬಂದ ಬೀಗರು (ಆಗಬಹುದಾದ ಬೀಗರು ಎನ್ನಿ) ಅವುಗಳ ಮೇಲೆ ಕೂತು ಉಪ್ಪಿಟ್ಟು ತಿನ್ನುತ್ತಿದ್ದರು.

ಹುಬ್ಬೇರಿಸಬೇಡಿ. ಪರದೇಶದ ಯಾವನೋ ಪಾದ್ರಿ ಮುತ್ತಜ್ಜನ ಕಾಲದಲ್ಲಿ ಕಟ್ಟಿಸಿದ ಆ ಕಲ್ಲಿನ ಚರ್ಚು ನಮ್ಮ ನವಲಗುಂದ ಸೀಮೆಯ ಈ ಊರಿಗೆ ಯಾವುದಕ್ಕೆ ಒದಗಿಲ್ಲ? ಅದರ ಗಂಟೆ ಕೇಳಿಯೇ ಹೊಲಕ್ಕೆ ಹೋಗುತ್ತೇವೆ. ಮಕ್ಕಳ ಚುಚ್ಚುಮದ್ದು ಅಲ್ಲೇ. ಸ್ಕೂಲ್ ಸೋರಿದರೆ ಪರೀಕ್ಷೆ ಅಲ್ಲೇ. ಮಳೆ ಬಂದರೆ ಊರವರ ಹತ್ತಿಯೂ ಅಲ್ಲೇ. ದೇವರೂ ಪಾಪ, ಅಡ್ಜಸ್ಟ್ ಮಾಡಿಕೊಳ್ಳುತ್ತಾನೆ.

ಬೀಗರು ಶನಿವಾರ ಬರಬೇಕಿತ್ತು. ಅದಕ್ಕೇ ಬೆಂಚು ತಂದಿದ್ದೆ. ಬಸ್ಸು ಎರೆಮಣ್ಣಿನಲ್ಲಿ ಹೂತು, ಅವರು ಬಂದದ್ದು ರವಿವಾರ. ಬೆನ್ನಿಗೇ ಈಗಿನ ಪಾದ್ರಿ ಬಂದರು, ಬೆಂಚು ಹೊರುವವರನ್ನು ಕಟ್ಟಿಕೊಂಡು.

"ಪ್ರಾರ್ಥನಾದ ಹೊತ್ತಾತ್ರಿ. ಬೆಂಚ್ ಬೇಕಿತ್ತು."

"ಕುಂತವರನ್ನ ಎಬ್ಬಸೂದು ಹ್ಯಾಂಗ್ರಿ? ನೀವೂ ಕುಂದರ್ರಿ, ಉಪ್ಪಿಟ್ಟು ತಿನ್ರಿ," ಎಂದಳು ಅವ್ವ.

ಪಾದ್ರಿಯೂ ಬೆಂಚು ಹೊರುವವರೂ ಬೀಗರ ಹಿಂದಿನ ಬೆಂಚಿನಲ್ಲಿ ಸಾಲಾಗಿ ಕೂತರು.

ನನ್ನ ಚಿಂತೆಯೇ ಬೇರೆ ಇತ್ತು. ಈವರೆಗೆ ಬಂದವರೆಲ್ಲ "ಪತ್ರಾ ಬರೀತೀವ್ರಿ" ಎಂದು ಎದ್ದು ಹೋದವರೇ. ಪತ್ರ ಬಂದದ್ದುಂಟೆ? ತಂಗಿಗೆ ಈ ಹುಡುಗ ಹಿಡಿಸಿದ್ದ (ಎಲ್ಲರಿಗೂ ಉಪ್ಪಿಟ್ಟು ಕೊಟ್ಟು ಒಳಗೆ ಹೋದವಳು ಬಾಗಿಲ ಸಂದಿಯಿಂದ ನೋಡಿ ಆಗಿತ್ತು). ಇವನೂ ಕೈತಪ್ಪಿದರೆ ಅವಳಿಗೆ ಹೇಗೆ ಮುಖ ತೋರಿಸಲಿ ಎಂದು ಹೆದರಿದ್ದೆ.

ಹುಡುಗನ ಅಪ್ಪ ಮೀಸೆ ಒರೆಸಿ, ಗಂಟಲು ಸರಿ ಮಾಡಿಕೊಂಡರು. ಬಂತು ಪತ್ರ ಎಂದುಕೊಂಡೆ.

"ನೋಡೂಣ್ರಿ. ದೇವರ ಚಿತ್ತ ಇದ್ದಂಗ ಆಗ್ಲಿ."

"ಆಮೆನ್," ಎಂದಿತು ಹಿಂದಿನ ಬೆಂಚು, ಒಕ್ಕೊರಲಿನಿಂದ. ಅವರಿಗೆ ರೂಢಿ.

ಆದರೆ ಮುಂದಿನ ಬೆಂಚಿನಿಂದಲೂ ಒಂದು ಆಮೆನ್ ಕೇಳಿತಲ್ಲ? ಹುಡುಗನದು. ಧಾರವಾಡದಲ್ಲಿ ಮಿಶನ್ ಸ್ಕೂಲಿನಲ್ಲಿ ಕಲಿತವನಂತೆ.

"ಏನಂದ್ಯೋ ಲೇ?" ಅಪ್ಪ ತಿರುಗಿದರು.

"ಹಂಗ ಆಗ್ಲಿ ಅಂದೆ, ಅಪ್ಪಾ. ನನಗ ಹುಡುಗಿ ಪಸಂದ ಅದಾಳ."

ಒಳಗೆ ಬಳೆ ಸದ್ದಾಯಿತು. ಅವ್ವ ತಡಮಾಡಲಿಲ್ಲ, ಸಂಬಂಧ ಗಟ್ಟಿಯಾಯಿತೆಂದು ಅಲ್ಲೇ ಎಲ್ಲರಿಗೂ ಸಕ್ಕರೆ ಹಂಚಿಬಿಟ್ಟಳು, ಪಾದ್ರಿಗೂ. ಹುಡುಗನ ಅಪ್ಪ ಇನ್ನು ಪತ್ರದ ಮಾತು ಎತ್ತುವುದು ಹೇಗೆ? ಬಾಯಿ ತುಂಬ ಸಕ್ಕರೆ ಇತ್ತು. ನನಗಂತೂ ಪಾದ್ರಿಯನ್ನು ಅಪ್ಪಿಕೊಳ್ಳುವಷ್ಟು ಖುಷಿಯಾಯಿತು.

ಬೆಂಚು ಹೊರಿಸಿಕೊಂಡು ಹೊರಟ ಪಾದ್ರಿ ಬಾಗಿಲಲ್ಲಿ ನಿಂತರು. "ಲಗ್ನಕ್ಕೂ ಬೆಂಚ್ ಒಯ್ರಿ, ನಂದೇನೂ ತಕರಾರಿಲ್ಲ. ರವಿವಾರ ಒಂದು ಬಿಟ್ಟು ಮುಹೂರ್ತ ಹಿಡೀರಿ, ಅಷ್ಟ."

ನಿನ್ನೆ ಭಟ್ಟರು ಪಂಚಾಂಗ ನೋಡಿದರು. ಹುಡುಗ ಹುಡುಗಿ ಇಬ್ಬರಿಗೂ ಕೂಡಿಬರುವುದು ಈ ಸೀಸನ್ನಿನಲ್ಲಿ ಒಂದೇ ಮುಹೂರ್ತವಂತೆ. ಯಾವ ವಾರ, ಹೇಳಿ ನೋಡೋಣ?