ಗೆರೆಯ ಮೇಲೆ ನಿಂತು ಕೇಳಿದ ಉಸಿರು

ಅಂದು ನನ್ನ ಅಣ್ಣನ ಉಸಿರು ನಡುವೆ ಕಡಿಯಿತೋ ಇಲ್ಲವೋ, ನನಗೆ ಗೊತ್ತಿಲ್ಲ. ಕಡಿಯಿತು ಎಂದು ಊರ ಜನರ ಮುಂದೆ ಹೇಳಿದವನು ಮಾತ್ರ ನಾನೇ. ಹೇಳಿದ್ದು ಚೆನ್ನಾಗಿ ನೆನಪಿದೆ. ಕೇಳಿದ್ದು ನೆನಪಿಲ್ಲ. ಆ ಸದ್ದನ್ನು ಇಷ್ಟು ವರ್ಷ ಮನಸ್ಸಿನಲ್ಲಿ ಎಷ್ಟು ಸಲ ಹೊರಳಿಸಿದ್ದೇನೆಂದರೆ, ಈಗ ಉಳಿದಿರುವುದು ಸದ್ದೋ, ಹೊರಳಿಸಿದ ಗುರುತೋ ಹೇಳಲಾರೆ.

ಅದು ನಿಜಾಮರ ಆಳ್ವಿಕೆಯ ಕಾಲ. ನಿಲಂಗಾದಲ್ಲಿ ನಮ್ಮದು ಕಾಳುಕಡಿ ವ್ಯಾಪಾರದ ಮನೆ. ನಾನು ಹೈದರಾಬಾದಿನಲ್ಲಿ ಕಾಲೇಜು ಓದುತ್ತಿದ್ದವನು ಬೇಸಗೆ ರಜೆಗೆ ಬಂದಿದ್ದೆ. ನನಗಿಂತ ಆರು ವರ್ಷಕ್ಕೆ ದೊಡ್ಡವನಾದ ಅಣ್ಣ ಊರಿನ ಹುತುತು ತಂಡದ ಮೊದಲ ಆಳು. ಹುತುತು ಎಂದರೆ ಈಗಿನವರು ಕಬಡ್ಡಿ ಎನ್ನುವ ಆಟವೇ. ‘ಹುತುತು ಹುತುತು’ ಎನ್ನುತ್ತ ಒಂದೇ ಉಸಿರಿನಲ್ಲಿ ಎದುರಿನವರ ಪಾಲಿಗೆ ನುಗ್ಗಿ, ಯಾರನ್ನಾದರೂ ಮುಟ್ಟಿ, ಉಸಿರು ಮುಗಿಯುವುದರೊಳಗೆ ನಡುಗೆರೆಗೆ ಮರಳಬೇಕು. ಜೋಳದ ರಾಶಿ ಎದ್ದ ಮೇಲೆ ಖಾಲಿ ಬಿದ್ದ ಕಣಗಳಲ್ಲಿ ಆಡುತ್ತಿದ್ದರು. ಆ ಬೇಸಗೆಯ ಕೊನೆಯಲ್ಲಿ ಉದಗೀರದವರ ಮೇಲೆ ಪಂದ್ಯವಿತ್ತು.

ಅಣ್ಣ ಒಳ್ಳೆಯ ಆಟಗಾರನೋ ಅಲ್ಲವೋ ಎಂಬ ಜಗಳ ಊರಿನಲ್ಲಿ ಎರಡು ಮೂರು ವರ್ಷದಿಂದ ನಡೆದಿತ್ತು. ಅವನ ಆಟ ಕಣ್ಣಿಗೆ ಚೆಂದವಿರಲಿಲ್ಲ. ಆಗ ತಾನೇ ಹುಟ್ಟಿದ ಕರುವಿನ ಹಾಗೆ ಕಾಲುಗಳು ಎಲ್ಲೆಲ್ಲಿಗೋ ಹೋಗುತ್ತಿದ್ದವು. ಅರ್ಧ ಪಂದ್ಯದವರೆಗೆ ಹೋದಾಗೆಲ್ಲ ಸಿಕ್ಕಿಬೀಳುತ್ತಿದ್ದ. ಎಲ್ಲ ಮುಗಿಯಿತು ಎಂದು ಜನ ಏಳುವ ಹೊತ್ತಿಗೆ ಅವನೊಬ್ಬನೇ ಒಳಗೆ ಹೋಗಿ ಮೂವರನ್ನು ಮುಟ್ಟಿ, ಮುಗ್ಗರಿಸಿ, ಗೆರೆಯ ಈಚೆಗೆ ಬಂದು ಬೀಳುತ್ತಿದ್ದ. ಒಳಗೆ ಹೋಗುವ ಮುಂಚೆ ಪ್ರತಿಸಲವೂ ಕೊರಳಲ್ಲಿ ತೂಗುವ ಪುಟ್ಟ ಡಬ್ಬಿಯಿಂದ, ಕರಡಿಗೆಯಿಂದ, ಇಷ್ಟಲಿಂಗ ತೆಗೆದು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ. ಅದನ್ನು ಕಂಡು ಅರ್ಧ ಊರು ಕೈಮುಗಿಯುತ್ತಿತ್ತು, ಇನ್ನರ್ಧ ನಗುತ್ತಿತ್ತು.

ಜಗಳದ ಜಾಗ ನಮ್ಮ ಅಂಗಡಿಗೆ ಹೊಂದಿಕೊಂಡಿದ್ದ ಕಾಕಾನ ಬಟ್ಟೆ ಅಂಗಡಿಯ ಕಟ್ಟೆ. ತಂಡವನ್ನು ನಡೆಸುತ್ತಿದ್ದ, ಅಣ್ಣನ ಜಾಗಕ್ಕೆ ತಮ್ಮ ಅಳಿಯನನ್ನು ತರಲು ನೋಡುತ್ತಿದ್ದ ಊರ ಪಾಟೀಲರು ಒಂದು ಕಡೆ, ಕಾಕಾ ಇನ್ನೊಂದು ಕಡೆ.

“ಅಂವಾ ಆಡ್ತಾನಂತೀರೇನು? ಬೀಳ್ತಾನ!” ಎಂದರು ಪಾಟೀಲರು. “ಬೀಳೂ ಮುಂದ ಯಾರದರ ಕಾಲಿಗಿ ಕೈ ತಾಕ್ತದ. ಅದಕ್ಕ ನೀವು ಆಟ ಅಂತೀರಿ.”

“ಬಿದ್ದರೂ ಗೆರಿ ಈಚಿಗೇ ಬೀಳ್ತಾನಲ್ಲರೀ ಪಾಟೀಲ್ರ,” ಎಂದ ಕಾಕಾ. “ನಿಮ್ಮ ಅಳಿಯ ನಿಂತಲ್ಲೇ ಚಂದ ಕಾಣ್ತಾನ, ಖರೇ. ಒಂದು ಫೋಟೋ ತೆಗಸ್ರಿ, ಗ್ವಾಡಿಗಿ ಹಾಕ್ರಿ.”

“ಉಳಿದ ಮಂದಿ ಹಿಡದು ಹಿಡದು ಮಣಕಾಲು ಒಡಕೋತಾರ. ಕಡೀಗಿ ಈ ಮಹಾಭಕ್ತ ಕಣ್ಣಿಗಿ ಲಿಂಗ ಒತಗೊಂಡು ಹೋಗಿ ಹೆಸರು ತಗೋತಾನ.”

“ನೀವೂ ಒತಗೋರಿ. ಯಾರು ಬ್ಯಾಡಂದಾರ?”

ಎಲ್ಲರೂ ನಕ್ಕರು. ಪಾಟೀಲರು ನನ್ನ ಕಡೆ ತಿರುಗಿ, “ಏ ಹೈದರಾಬಾದಿ, ನೀ ಹೇಳಪಾ. ಏನೋ ಬರಕೋತಿಯಂತಲ್ಲ,” ಎಂದರು.

ನಾನು ಬರೆದುಕೊಳ್ಳುತ್ತಿದ್ದದ್ದು ನಿಜ. ಅಣ್ಣ ಎಷ್ಟು ಸಲ ಹೋದ, ಎಷ್ಟು ಸಲ ಮುಟ್ಟಿದ, ಎಷ್ಟು ಸಲ ಸಿಕ್ಕಿಬಿದ್ದ ಎಂದು ಒಂದು ನೋಟುಬುಕ್ಕಿನಲ್ಲಿ ಗೀಟು ಹಾಕಿಟ್ಟಿದ್ದೆ. ಕಾಲೇಜಿನಲ್ಲಿ ಯಾವುದನ್ನೂ ನೋಡದೆ ನಂಬಬಾರದು ಎಂದು ಕಲಿತಿದ್ದೆ, ಆ ಕಲಿಕೆಯನ್ನು ತೋರಿಸಲು ಕೈ ತುರಿಸುತ್ತಿತ್ತು.

“ಸಿಕ್ಕಿಬಿದ್ದದ್ದೇ ಹೆಚ್ಚದ,” ಎಂದೆ.

ಕಾಕಾನ ಮುಖ ಇಳಿಯಿತು. “ಮತ್ತ ಗೆದ್ದದ್ದು? ಅದು ಎಲ್ಲಿ ಬರದೀಯೋ ತಮ್ಮಾ?”

“ಅದು ನಸೀಬು, ಕಾಕಾ. ನಸೀಬಕ್ಕ ಇದರಾಗ ಕಾಲಂ ಇಲ್ಲ.”

ಆಗಲೇ ನೋಡಿದ್ದು, ಅಣ್ಣ ಬಟ್ಟೆಯ ಗಂಟು ಹೊತ್ತು ನನ್ನ ಹಿಂದೆಯೇ ನಿಂತಿದ್ದ. ಸಿಟ್ಟಾಗಲಿಲ್ಲ. “ತಮ್ಮ ಸುಳ್ಳು ಬರಿಯಾಂವಲ್ಲ,” ಎಂದು ಗಂಟು ಇಳಿಸಿ ಹೋದ.

ಕೆಲವೇ ದಿನಗಳಲ್ಲಿ ಇನ್ನೊಂದು ಮಾತು ಹುಟ್ಟಿತು. ಹಿಂದಿನ ಪಂದ್ಯ ಆಡಿ ಸೋತ ಉಮರ್ಗಾದವರು, ಅಣ್ಣ ಉಸಿರು ಕದಿಯುತ್ತಾನೆ, ‘ಹುತುತು’ ನಡುವೆಯೇ ಗೊತ್ತಾಗದಂತೆ ಗಾಳಿ ಎಳೆದುಕೊಳ್ಳುತ್ತಾನೆ ಎಂದು ಹೇಳಿ ಕಳಿಸಿದರು. ಪಾಟೀಲರು ತೀರ್ಮಾನಿಸಿಬಿಟ್ಟರು: ತಮ್ಮ ಕಣದಲ್ಲಿ ಪರೀಕ್ಷೆ. ಒಬ್ಬರು ಗೆರೆಯ ಮೇಲೆ ನಿಂತು ಕೇಳಬೇಕು. ಉಸಿರು ಕಡಿದರೆ ಅಣ್ಣನಿಗೆ ಉದಗೀರವಿಲ್ಲ. ಅವನ ಜಾಗದಲ್ಲಿ ಪಾಟೀಲರ ಅಳಿಯ.

ಕೇಳುವವರು ಯಾರು ಎಂದಾಗ ಎರಡೂ ಕಡೆಯವರು ನನ್ನ ಹೆಸರನ್ನೇ ಎತ್ತಿದರು. “ಈ ಹುಡುಗ ಕಣ್ಣಾರೆ ನೋಡಲಾರದ ಏನೂ ನಂಬಂಗಿಲ್ಲ, ಅಣ್ಣನ್ನೂ ನಂಬಂಗಿಲ್ಲ,” ಎಂದರು ಪಾಟೀಲರು. “ಇಂಥಾಂವನ ಕಿವೀನೇ ಬೇಕು.” ನನಗೆ ಹೆಮ್ಮೆಯೆನಿಸಿತು. ಇದನ್ನು ಮುಚ್ಚಿಡಲು ಈಗ ಕಾರಣವಿಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ಅಣ್ಣ ಬಾವಿಯ ಹತ್ತಿರ ಸ್ನಾನ ಮಾಡುತ್ತಿದ್ದ. ನಾನು ನೀರು ಸೇದಿ ಕೊಡುತ್ತಿದ್ದೆ. ನನ್ನ ಕಡೆ ನೋಡದೆಯೇ ಹೇಳಿದ:

“ಓದು ನನಗ ಹತ್ತಲಿಲ್ಲ. ದುಕಾನದಾಗ ನಾ ಕೂತರ ಗಿರಾಕಿ ಅಪ್ಪ ಎಲ್ಲಿ ಅಂತ ಕೇಳ್ತಾರ. ನಾ ಇಲ್ಲಂದರ ನಡಿಯಂಗಿಲ್ಲ ಅನ್ನೂ ಜಾಗಾ ನನಗ ಆ ಕಣ ಒಂದೇ. ಅದು ಹೋದರ ನಾ ಎಲ್ಲಿ ನಿಲ್ಲಲಿ?”

“ನಾ ಏನು ಮಾಡ್ಲಿ ಅಣ್ಣಾ?”

“ಏನೂ ಬ್ಯಾಡ. ಚಂದಾಗಿ ಕೇಳು. ಅಷ್ಟೇ.”

ಕಣದಲ್ಲಿ ಜನ ಸೇರಿದ್ದರು. ಅಣ್ಣ ಲಿಂಗವನ್ನು ಕಣ್ಣಿಗೆ ಒತ್ತಿಕೊಂಡು ಒಳಗೆ ಹೋದ. ಎದುರಿಗಿದ್ದವರು ಅವನನ್ನು ಮೂಲೆಗೆ ಒತ್ತಿದರು. ಅವನು ಬಿದ್ದ, ಎದ್ದ, ಸುತ್ತಿದ, ಮತ್ತೆ ಬಿದ್ದ. ಬಿದ್ದಾಗ ಏನೋ ಸದ್ದಾಯಿತು. ಪಕ್ಕದಲ್ಲಿ ಎತ್ತು ಕಟ್ಟಿದ್ದರೇ? ಎದುರಿನವನೊಬ್ಬ ಏದುಸಿರು ಬಿಟ್ಟನೇ? ಗಾಳಿ ನನ್ನ ಕಡೆಯಿಂದ ಬೀಸುತ್ತಿತ್ತೇ? ಈ ಪ್ರಶ್ನೆಗಳೆಲ್ಲ ಆಮೇಲೆ ಹುಟ್ಟಿದವು. ಅಣ್ಣ ಗೆರೆ ದಾಟಿ ನನ್ನ ಕಾಲ ಬಳಿ ಬಂದು ಬಿದ್ದ. ಅಷ್ಟು ಹೊತ್ತೂ ನನ್ನ ತಲೆಯಲ್ಲಿದ್ದದ್ದು ನೋಟುಬುಕ್ಕು.

“ಲಿಂಗ ಹಿಡದು ಹೇಳು,” ಎಂದರು ಪಾಟೀಲರು.

ನಮ್ಮಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ. ಲಿಂಗ ಹಿಡಿದು ಆಡಿದ್ದನ್ನು ಯಾರೂ ಮತ್ತೆ ಪ್ರಶ್ನಿಸುವುದಿಲ್ಲ. ಆದರೆ ನನ್ನ ಕರಡಿಗೆಯಲ್ಲಿ ಲಿಂಗವಿರಲಿಲ್ಲ. ಹೈದರಾಬಾದಿನಲ್ಲಿ ಅದನ್ನು ತೆಗೆದು ಟ್ರಂಕಿನ ತಳದಲ್ಲಿ ಇಟ್ಟಿದ್ದೆ. ಊರಿಗೆ ಹೊರಡುವಾಗ ಬರಿಯ ಕರಡಿಗೆಯನ್ನೇ ಕೊರಳಿಗೆ ಹಾಕಿಕೊಂಡು, ಹಗುರವಾಗಿ ತೂಗಬಾರದೆಂದು ಒಳಗೆ ಒಂದು ಅಡಿಕೆ ಇಟ್ಟಿದ್ದೆ. ಮಾಳಿಗೆಯ ಕೋಣೆಯಲ್ಲಿ ಪೂಜೆ ಮಾಡಿ ಬಂದೆ ಎಂದು ಅವ್ವನಿಗೆ ದಿನವೂ ಸುಳ್ಳು ಹೇಳುತ್ತಿದ್ದೆ.

ಆಣೆಗೆ ಕರಡಿಗೆ ಹಿಡಿದರೂ ಸಾಕಿತ್ತು, ಅದನ್ನು ಮುಷ್ಟಿಯಲ್ಲಿ ಹಿಡಿದೆ. ಒಳಗೆ ಅಡಿಕೆ ಅಲುಗಿತು. ಯಾರಾದರೂ ಕೇಳಿಸಿಕೊಂಡರೆ ಎಂದು ಬೆವರಿದೆ. ಬೇಗ ಮುಗಿಯಬೇಕಿತ್ತು, ತಮ್ಮನಾದ್ದರಿಂದ ಅಣ್ಣನ ಪರ ಹೇಳಿದ ಎಂದು ಯಾರೂ ಅನ್ನಬಾರದಿತ್ತು.

“ಕಡೀತು,” ಎಂದೆ.

ಅಣ್ಣ ಮೈಮೇಲಿನ ಹೊಟ್ಟು ಒರೆಸಿಕೊಳ್ಳುತ್ತ ಎದ್ದ. ಅವನು ಜಗಳ ಮಾಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆನೇನೋ.

“ತಮ್ಮ ಲಿಂಗ ಹಿಡದು ಹೇಳ್ಯಾನ,” ಎಂದ. “ಹಂಗಾರ ಕಡದಿರಬೇಕು. ನನಗ ತಿಳೀಲಿಲ್ಲ.”

ತನ್ನ ಎದೆಯೊಳಗಿನ ಗಾಳಿಗಿಂತ ನನ್ನ ಅಡಿಕೆಯನ್ನು ಅವನು ಹೆಚ್ಚು ನಂಬಿದ.

ಅಂದಿನಿಂದ ಉದಗೀರದ ಗಾಡಿಗಳು ಹೊರಡುವವರೆಗೆ ಐದು ದಿನ. ಅಣ್ಣ ದಿನವೂ ನನ್ನನ್ನು ಬಾವಿಯ ಹತ್ತಿರ ಕರೆಯುತ್ತಿದ್ದ. “ಈಗ ಕೇಳು,” ಎಂದು ಹುತುತು ಹೇಳುತ್ತ ಬಾವಿ ಸುತ್ತುತ್ತಿದ್ದ, ಕಣ್ಣು ಕೆಂಪಾಗುವವರೆಗೆ. “ಕಡೀತೇನು?”

“ಇಲ್ಲ ಅಣ್ಣಾ.”

“ಮತ್ತ ಆವತ್ತ ಹೆಂಗ ಕಡೀತು? ಎಲ್ಲಿ ಕಡೀತು ಹೇಳು, ಸುಧಾರಸ್ತೀನಿ. ಬಿದ್ದಾಗೇನು? ಎದ್ದಾಗೇನು?”

ಬಿದ್ದಾಗ ಎಂದೆ. ಅವನು ನೆಲಕ್ಕೆ ಬಿದ್ದು ಬಿದ್ದು ಅಭ್ಯಾಸ ಮಾಡಿದ. ಮೊಣಕೈ ತರಚಿ ರಕ್ತ ಬಂದರೂ ಬಿಡಲಿಲ್ಲ. ಅವ್ವ ಅರಿಸಿನ ಹಚ್ಚುತ್ತ ನನ್ನನ್ನು ನೋಡುತ್ತಿದ್ದಳು.

ಕರಡಿಗೆಯನ್ನು ತೆರೆದು ಅಡಿಕೆ ತೋರಿಸಿದ್ದರೆ ಮುಗಿಯುತ್ತಿತ್ತು. ಆಣೆ ಬಿದ್ದುಹೋಗುತ್ತಿತ್ತು, ಅಣ್ಣನಿಗೆ ಇನ್ನೊಂದು ಪರೀಕ್ಷೆ ಸಿಗುತ್ತಿತ್ತು. ನನಗೆ ಮಾತ್ರ ಮನೆಯ ಪಂಕ್ತಿಯೂ ಇಲ್ಲ, ಕಾಲೇಜೂ ಇಲ್ಲ. ಲಿಂಗ ಬಿಟ್ಟ ಮಗನನ್ನು ಅಪ್ಪ ಹೊಸ್ತಿಲೊಳಗೆ ಸೇರಿಸುತ್ತಿರಲಿಲ್ಲ. ಎರಡು ಸಲ ಪಾಟೀಲರ ವಾಡೆಯ ಬಾಗಿಲವರೆಗೆ ಹೋದೆ. ಒಂದು ಸಲ ಅವರೇ ಹೊರಗೆ ಬಂದು, “ಏನಪಾ?” ಎಂದರು. “ಅಪ್ಪ ಕೇಳ್ಯಾರ, ಗಾಡಿ ಎಷ್ಟು ಹೊಂಡ್ತಾವ?” ಎಂದು ಕೇಳಿ ಬಂದೆ. ಅವರು ಹೊರಗೆ ಬಂದದ್ದು ಮೊದಲ ಸಲವೋ, ಎರಡನೆಯ ಸಲವೋ, ಅದೂ ಈಗ ಗೊಂದಲ.

ಗಾಡಿಗಳು ಹೊರಟಾಗ ಅಣ್ಣನೇ ಎತ್ತುಗಳಿಗೆ ನೊಗ ಹೂಡಿಕೊಟ್ಟ. ಪಾಟೀಲರ ಅಳಿಯನಿಗೆ, “ಎಡಕ್ಕ ನೋಡಿ ಬಲಕ್ಕ ಹೋಗು,” ಎಂದು ಹೇಳಿಕೊಟ್ಟ. ನಮ್ಮವರು ಸೋತು ಬಂದರು. ಅಣ್ಣ ಮತ್ತೆ ಆಡಲಿಲ್ಲ. ನಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಹರಿದ ಗೋಣಿಚೀಲ ಹೊಲಿಯತೊಡಗಿದ. ಕಟ್ಟೆಯ ಮೇಲಿನ ಜಗಳ ಆಮೇಲೂ ನಡೆಯಿತು, ಆದರೆ ತಂಪಾಗಿ, ಸತ್ತವರ ಬಗ್ಗೆ ಮಾತಾಡುವ ಹಾಗೆ. ಅವನು ಇನ್ನೂ ಗೋಡೆಯ ಆಚೆಗೇ ಕೂತಿದ್ದ.

ಬಹಳ ವರ್ಷಗಳ ಮೇಲೆ ಮಾಸ್ತರಿಕೆಯ ಕೆಲಸ ನನ್ನನ್ನು ಉದಗೀರಕ್ಕೆ ತಂದಿತು. ಆ ಹೊತ್ತಿಗೆ ಅಣ್ಣ ತೀರಿಕೊಂಡು ಎರಡು ವರ್ಷವಾಗಿತ್ತು. ಅಡಿಕೆಯ ಮಾತನ್ನು ಅವನಿಗೆ ಹೇಳಲೇ ಇಲ್ಲ. ಅಲ್ಲಿ ಹಳೆಯ ತಂಡದ ಇಬ್ಬರು ಉಳಿದಿದ್ದರು. ಒಬ್ಬ ಕಾಳುಪೇಟೆಯಲ್ಲಿ ಚೀಲ ಹೊರುವವನು. ನಾನು ನಿಲಂಗಾದವನೆಂದು ತಿಳಿದು ತಾನಾಗಿಯೇ ಶುರುಮಾಡಿದ.

“ನಿಮ್ಮ ಊರಾಗ ಒಬ್ಬಾಂವ ಬೀಳೋನು ಇದ್ದನಲ್ಲರೀ ಮಾಸ್ತರ? ಅಂವನ ಸಲುವಾಗಿ ನಾವು ಹದಿನೈದು ದಿನ ತಾಲೀಮು ಮಾಡಿದ್ವಿ. ನಮ್ಮಾಗ ಒಬ್ಬಾಂವಗ ಅಂವನಂಗ ಬೀಳಲಿಕ್ಕ ಹಚ್ಚಿ, ಉಳಿದವರು ಹಿಡಿಯೂದು. ಆಮ್ಯಾಗ ಅಂವಾ ಬರಂಗಿಲ್ಲಂತ ಸುದ್ದಿ ಬಂತು. ಆವತ್ತ ಕಿಲ್ಲೇದ ಮುಂದ ಸಕ್ಕರಿ ಹಂಚಿದ್ವಿ.”

ನಾನು ನಂಬಲಿಲ್ಲ. ಕೇಳುವವನ ಊರು ನೋಡಿ ಮಾತಿಗೆ ಸಿಹಿ ಬೆರೆಸುವವರು ಇರುತ್ತಾರೆ. ಎರಡನೆಯವನು ಕೋಟೆಯ ಹಿಂದಿನ ತೋಟದಲ್ಲಿದ್ದ. ಅವನ ಬಳಿ ಹೋಗಿ, ನನ್ನ ಊರು ಹೇಳದೆ, ಅಣ್ಣನ ಮಾತೆತ್ತದೆ, ನಿಲಂಗಾದವರ ಪಂದ್ಯದ ಮುಂಚೆ ಏನಾಯಿತು ಎಂದಷ್ಟೇ ಕೇಳಿದೆ. ಅವನು ಮೊದಲು ಹೇಳಿದ್ದು, ಬೀಳುವವನು ಬರುವುದಿಲ್ಲವೆಂದು ತಿಳಿದು ಸಕ್ಕರೆ ಹಂಚಿದ ಸಂಗತಿಯನ್ನೇ.