ಗೋಪಮ್ಮನ ಪೆಟ್ಟಿಗೆಯ ವಿಳಾಸ

ಪಡಸಾಲೆಯಲ್ಲಿ ಕೌದಿ ಹೊದಿಸಿದ ಮಂಚ ಕಂಡು ಕಿರಣಕುಮಾರ ಆರಾಮಾಗಿ ಕುಳಿತ. ಚಹಾ ತಂದುಕೊಟ್ಟ ಗೋಪಮ್ಮ ಅವನನ್ನೇ ನೋಡಿದಳು.

"ಏಳ್ರಿ ಸರ. ಅದು ಹೆಣದ ಪೆಟಗಿ. ಗಾಜು ಒಡದೀತು."

ಎದ್ದ ರಭಸಕ್ಕೆ ಚಹಾ ಬಿಳಿ ಅಂಗಿಯ ಪಾಲಾಯಿತು. "ಒಳಗ ಯಾರರ..."

"ಸದ್ಯಕ್ಕ ಖಾಲಿ ಅದ."

ರಾಯಚೂರಿನಲ್ಲಿ ವೆಬ್‌ಸೈಟ್ ಮಾಡಿಕೊಡುವ ಕಿರಣನಿಗೆ ಐವತ್ತರ ಹತ್ತಿರ. ಕಂಪ್ಯೂಟರಿಗಿಂತ, ಮದುವೆ ಕಾರ್ಡಿಗೆ ತಾನು ಬರೆಯುವ ಎರಡು ಸಾಲು ಕವಿತೆಯ ಮೇಲೆ ಅವನಿಗೆ ಹೆಚ್ಚು ಭರವಸೆ. ಗೋಪಮ್ಮ ದೇವದುರ್ಗದವಳು. ಬೇಸಿಗೆಯಲ್ಲಿ ಗಂಡ ವೆಂಕೋಬ ತೀರಿಕೊಂಡಾಗ, ಪುಣೆಯಿಂದ ಹೊರಟ ಮಗಳು ಬಂದು ಮುಟ್ಟುವವರೆಗೆ ಹೆಣ ತಡೆಯಲಿಲ್ಲ. ಮಗಳು ನೋಡಿದ್ದು ಹಸಿ ಮಣ್ಣನ್ನು. ಗೋಪಮ್ಮ ಎಮ್ಮೆ ಮಾರಿ, ಹೆಣವನ್ನು ತಣ್ಣಗಿಡುವ ಈ ಪೆಟ್ಟಿಗೆ ತಂದು, ರಾಯಚೂರಿನಲ್ಲಿ ಬಾಡಿಗೆಗೆ ಕೊಡತೊಡಗಿದಳು.

ಮೂರು ತಿಂಗಳ ಹಿಂದೆ ಅದಕ್ಕೊಂದು ವೆಬ್‌ಸೈಟ್ ಬೇಕೆಂದಳು. "ಜನ ಬಾಡಿ ಬಾಕ್ಸ್ ಅಂತಾರ, ಹಂಗೇ ಇಡ್ರಿ," ಎಂದರೆ ಕಿರಣ, "ಛೇ ಅಕ್ಕಾ, ಒರಟಾಗ್ತದ" ಎಂದು ಎರಡು ದಿನ ತಲೆ ಕೆರೆದುಕೊಂಡು "ದಿವ್ಯಸ್ಮರಣೆ ಡಾಟ್ ಇನ್" ಎಂದಿಟ್ಟ. ಪುಟದ ತುಂಬ ದೀಪ, ಕಮಲ, ಅವನದೇ ಎರಡು ಸಾಲು. ಅವಳು ಕಳಿಸಿದ ಪೆಟ್ಟಿಗೆಯ ಫೋಟೋ ತೆರೆದೂ ನೋಡಿರಲಿಲ್ಲ. ಅದನ್ನು ನೋಡಿ ಒಂದು ಫೋನೂ ಬರಲಿಲ್ಲ.

ಈಗ ಕರೆಸಿದ್ದೇಕೆಂದು ಕಿರಣ ಕೇಳಿದ್ದಕ್ಕೆ ಗೋಪಮ್ಮ ಮೂಲೆಯಲ್ಲಿ ಕುಳಿತ, ತಲೆ ಬೋಳಿಸಿಕೊಂಡ ಮಾನ್ವಿಯ ಅಮೋಘಸಿದ್ದನನ್ನು ತೋರಿಸಿದಳು.

"ಹೋದ ವಾರ ಅವ್ವ ಹೋದ್ಲುರೀ," ಎಂದ ಅವನು. "ತಂಗಿ ಮುಂಬೈದಿಂದ ಬರಬೇಕಿತ್ತು. ಫೋನಿನ್ಯಾಗ ಹುಡುಕಿದ್ರ ಐಸ್‌ಕ್ರೀಮ್ ಪೆಟಗಿ ಬಂದ್ವು. ಮೀನಿನ ಅಂಗಡಿ ಐಸ್ ತಂದು ಸುತ್ತ ಇಟ್ವಿ. ಸಂಜೀತನಕಾನೂ ದೇಹ ನಿಲ್ಲಲಿಲ್ರಿ. ತಂಗಿ ಮಾರಿ ನೋಡಲಿಲ್ಲ. ಈ ಅಕ್ಕನ ಸುದ್ದಿ ನಿನ್ನೆ ಗೊತ್ತಾತು."

"ಏನಂತ ಹುಡುಕಿದ್ರಿ?" ಎಂದ ಕಿರಣ.

ಅಮೋಘಸಿದ್ದ ಫೋನು ಚಾಚಿದ. ಹನ್ನೊಂದು ಸಲ ಒಂದೇ ಮಾತು: ಬಾಡಿ ಬಾಕ್ಸ್ ರಾಯಚೂರು.

"ಅಕ್ಕಾ, ಆವತ್ತು ಪೆಟಗಿ ಖಾಲಿ ಇತ್ತೇನು?" ಎಂದು ಅಮೋಘಸಿದ್ದ ಕೇಳಿದ.

"ಇತ್ತಪ್ಪಾ."

ಇಬ್ಬರೂ ಕಿರಣನನ್ನು ಬೈಯಲಿಲ್ಲ. ಬೈದಿದ್ದರೆ ಎದುರು ಮಾತಾಡುವುದಾದರೂ ಒಂದು ಕೆಲಸ ಸಿಗುತ್ತಿತ್ತು. ಅವನು ಅಲ್ಲೇ ನೆಲದ ಮೇಲೆ ಕುಳಿತು ಲ್ಯಾಪ್‌ಟಾಪ್ ತೆರೆದ. "ಬಾಡಿಬಾಕ್ಸ್‌ರಾಯಚೂರು ಡಾಟ್ ಇನ್" ಅನ್ನು ಯಾರೂ ಹಿಡಿದಿರಲಿಲ್ಲ. ದೀಪ, ಕಮಲ, ಕವಿತೆ ಎಲ್ಲ ಅಳಿಸಿ, ಪೆಟ್ಟಿಗೆಯ ಫೋಟೋ ಹಾಕಿ, ದೊಡ್ಡದಾಗಿ ಫೋನ್ ನಂಬರು, ಕೆಳಗೆ ಪೆಟ್ಟಿಗೆ ಕಳಿಸುವ ಊರುಗಳು ಮಾನ್ವಿ, ದೇವದುರ್ಗ ಎಂದು ಬರೆದ.

"ಈ ಹೆಸರು ಎಷ್ಟು ವರ್ಷಕ್ಕ ತಗೊಳ್ಳಲಿ ಅಕ್ಕಾ? ಒಂದೋ, ಐದೋ, ಹತ್ತೋ?"

"ಹತ್ತು ಹಾಕ್ರಿ ಸರ. ನಡುವ ಜನ ಸಾಯೋದು ನಿಲ್ಲಿಸಿದ್ರ ಉಳಿದ ರೊಕ್ಕ ವಾಪಸ್ ಕೇಳ್ತೀನಿ."